ಕಬ್ಬಿನ ದ್ವೀಪಗಳ ಜಮಾಖರ್ಚು

ಅಟ್ಲಾಂಟಿಕ್ ಮಹಾಸಾಗರದ ಪಶ್ಚಿಮದ ಅಂಚಿನಲ್ಲಿ, ವೆಸ್ಟ್ ಇಂಡೀಸ್ ದ್ವೀಪಮಾಲೆಯ ತೀರ ಮೂಡಣ ತುದಿಯಲ್ಲಿ, ೧೬೬ ಚದರ ಮೈಲಿ ವಿಸ್ತಾರದ ಬಾರ್ಬಡೋಸ್ ಎಂಬ ದ್ವೀಪವಿದೆ. ೧೬೨೭ರಲ್ಲಿ ಇಂಗ್ಲಿಷರು ಬಂದು ಅಲ್ಲಿ ಬೀಡುಬಿಟ್ಟಾಗ ಆ ನೆಲದಲ್ಲಿ ಮನುಷ್ಯವಾಸವಿರಲಿಲ್ಲ. ದಟ್ಟವಾದ ಕಾಡು ಮಾತ್ರವಿತ್ತು. ಆ ಕಾಡನ್ನು ಕಡಿದು, ಹೊಗೆಸೊಪ್ಪನ್ನೂ ಹತ್ತಿಯನ್ನೂ ಬೆಳೆದು, ಬೆಲೆ ಬಂದ ವರ್ಷ ಉಂಡು ಬಾರದ ವರ್ಷ ಉಪವಾಸವಿದ್ದು ಹೇಗೋ ಕಾಲ ನೂಕುತ್ತಿದ್ದ ಆ ವಲಸೆಗಾರರು, ೧೬೪೦ರ ಅನಂತರದ ಕೆಲವೇ ವರ್ಷಗಳಲ್ಲಿ, ಅಂದು ಡಚ್ಚರ ಅಧೀನದಲ್ಲಿದ್ದ ಬ್ರೆಜಿಲಿನ ಪೆರ್ನಾಂಬುಕೊ ಪ್ರಾಂತದಿಂದ ಬಿತ್ತನೆಯ ಕಬ್ಬನ್ನೂ ಸಕ್ಕರೆ ಮಾಡುವ ವಿದ್ಯೆಯನ್ನೂ ತಂದರು. ಜೇಮ್ಸ್ ಡ್ರಾಕ್ಸ್ ಮೊದಲಾದ ನಾಲ್ಕಾರು ಮಂದಿ ಸಾಹಸಿಗರು ಹೂಡಿದ ಈ ಪ್ರಯೋಗ ಕೈಗೂಡಿದ್ದೇ ತಡ, ದ್ವೀಪದ ಮುಖವೇ ಬದಲಾಯಿತು. ೧೬೪೭ರಿಂದ ೧೬೫೦ರವರೆಗೆ ಅಲ್ಲಿದ್ದು, ೧೬೫೭ರಲ್ಲಿ ಆ ದ್ವೀಪದ ಚರಿತ್ರೆಯನ್ನು ಅಚ್ಚುಹಾಕಿಸಿದ ರಿಚರ್ಡ್ ಲಿಗನ್ ಎಂಬ ಆಂಗ್ಲ ಗೃಹಸ್ಥನು ಒಂದು ಲೆಕ್ಕ ಕೊಟ್ಟಿದ್ದಾನೆ: ಸಕ್ಕರೆ ಬರುವುದಕ್ಕೆ ಮುಂಚೆ ಇಡಿಯಾಗಿ ೪೦೦ ಪೌಂಡಿಗೆ ಸಿಕ್ಕಬಹುದಾಗಿದ್ದ ೫೦೦ ಎಕರೆಯ ತೋಟವೊಂದರ ಅರ್ಧಪಾಲಿಗೆ ಆತನ ಸಂಗಡ ಬಂದ ಥಾಮಸ್ ಮೋಡಿಫರ್ಡನು ೭,೦೦೦ ಪೌಂಡು ತೆರಬೇಕಾಯಿತು.

ದಾಸ್ಯವೆಂಬುದು ಮಾನವಕುಲದ ಬಹು ಪುರಾತನವಾದ ಪಾಪಗಳಲ್ಲೊಂದು. ಗ್ರೀಸಿನಲ್ಲಿ ಅದಿತ್ತು, ರೋಮಿನಲ್ಲಿತ್ತು, ಅರಬರಲ್ಲಿತ್ತು, ಆಫ್ರಿಕದ ರಾಜ್ಯಗಳಲ್ಲಿತ್ತು, ನಮ್ಮ ದೇಶದಲ್ಲಿಯೂ ಇತ್ತು. ಯುದ್ಧದಲ್ಲಿ ಸೋತವನೋ ಸಾಲ ತೀರಿಸಲಾರದವನೋ ಮತ್ತೊಬ್ಬನ ಮನೆಯ ಆಳಾಗಿ, ಊಳಿಗದವನಾಗಿ, ಕೆಲವೊಮ್ಮೆ ಸೇನಾನಿಯೂ ಆಗಿ ಬಾಳಿದ ಉದಾಹರಣೆಗಳನ್ನು ಎಲ್ಲ ನಾಡುಗಳ ಇತಿಹಾಸದಲ್ಲಿಯೂ ಕಾಣಬಹುದು. ಆದರೆ ಬಾರ್ಬಡೋಸಿನಲ್ಲಿ ಮೊದಲಾಗಿ, ಅಲ್ಲಿಂದ ೧೬೫೫ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ಕಿತ್ತುಕೊಂಡ ಜಮೈಕಾಕ್ಕೆ ಹಬ್ಬಿ, ಫ್ರೆಂಚರ ಸಾನ್ ದೊಮಿಂಗ್‌ನಲ್ಲಿ ಪರಾಕಾಷ್ಠೆಯನ್ನು ಮುಟ್ಟಿದ ಗುಲಾಮಗಿರಿಯು ಆ ಹಳೆಯ ದಾಸ್ಯದ ಉಳಿಕೆಯೆಂದು ಭಾವಿಸುವುದು ತಪ್ಪಾದೀತು. ಅದು ಹೊಸ ಕಾಲದ ಸೃಷ್ಟಿ. ಬ್ಯಾಂಕು, ವಿಮೆ, ಅಡಮಾನ, ದಲಾಲಿ ಇವುಗಳ ಒಡಹುಟ್ಟು. ಮನುಷ್ಯನನ್ನು ಖಾತೆಯ ಪುಸ್ತಕದಲ್ಲಿ ಬಂಡವಾಳದ ಬಾಬಿಗೆ ಬರೆದು, ಅವನಿಗೆ ಬೆಲೆ ಕಟ್ಟಿ, ಬಡ್ಡಿ ಹಾಕಿ, ಸವಕಳಿ ಕಳೆದು, ಆ ಲೆಕ್ಕಕ್ಕೆ ಭಂಗ ಬಾರದಂತೆ ಕಾನೂನು, ಧರ್ಮ, ಕುಟುಂಬ, ಮೈಬಣ್ಣ ಎಲ್ಲವನ್ನೂ ಅಳವಡಿಸಿಕೊಂಡ ಒಂದು ಸಮಾಜವು ಅಲ್ಲಿ ನಿರ್ಮಿತವಾಯಿತು. ಅದರ ಕ್ರೌರ್ಯ ಎಷ್ಟು ಘೋರವೋ ಅದರ ಲೆಕ್ಕಾಚಾರ ಅಷ್ಟೇ ನಿಷ್ಕೃಷ್ಟವಾದುದು. ಈ ಎರಡನೆಯದನ್ನು ತಿಳಿಯದೆ ಮೊದಲನೆಯದು ಅರ್ಥವಾಗದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಮೊದಲು ಬಾರ್ಬಡೋಸಿನ ಹೊಲಗಳಲ್ಲಿ ದುಡಿದವರು ಬಹುಮಟ್ಟಿಗೆ ಬ್ರಿಟನ್ನಿನ ಬಡವರೇ. ಹಡಗಿನ ಬಾಡಿಗೆಗಾಗಿ ನಾಲ್ಕೈದು ವರ್ಷಗಳ ದುಡಿಮೆಯನ್ನು ಬರೆದುಕೊಟ್ಟು ಬಂದವರು ಕೆಲವರು. ಕ್ರಾಮ್‌ವೆಲ್ಲನ ಯುದ್ಧಗಳಲ್ಲಿ ಸೆರೆಸಿಕ್ಕಿ ಬಲಾತ್ಕಾರವಾಗಿ ಸಾಗಿಸಲ್ಪಟ್ಟ ಐರಿಷರು ಕೆಲವರು. ಲಿಗನ್ ಕಂಡು ಬರೆದ ಸಂಗತಿಯೊಂದು ಇಲ್ಲಿ ಮನನೀಯವಾಗಿದೆ. ಧಣಿಗಳು ಆಫ್ರಿಕದ ಗುಲಾಮರಿಗಿಂತ ಈ ಬಿಳಿಯ ಆಳುಗಳನ್ನೇ ಹೆಚ್ಚು ಗೋಳಾಡಿಸುತ್ತಿದ್ದರಂತೆ; ಏಕೆಂದರೆ ಗುಲಾಮನು ಎಂದೆಂದಿಗೂ ತನ್ನ ಸ್ವತ್ತು, ಆಳಾದರೋ ಐದು ವರ್ಷ ಕಳೆದರೆ ಕೈಬಿಟ್ಟು ಹೋಗತಕ್ಕವನು. ದಯೆಯೂ ನಿರ್ದಯೆಯೂ ಹೀಗೆ ಅವಧಿಯ ಲೆಕ್ಕದಿಂದ ನಿರ್ಣಯವಾಗುತ್ತಿದ್ದ ಸ್ಥಳದಲ್ಲಿ, ಆ ಲೆಕ್ಕ ತಿರುಗಿದಾಗ ನಡತೆಯೂ ತಿರುಗುವುದರಲ್ಲಿ ಆಶ್ಚರ್ಯವಿಲ್ಲ. ಆಫ್ರಿಕದಿಂದ ಬರುವ ಹಡಗುಗಳು ಹೆಚ್ಚಿದವು. ಬ್ರಿಟನ್ನಿನಿಂದ ಬರುವ ಆಳುಗಳು ಕಡಮೆಯಾದರು. ೧೬೮೦ರ ಹೊತ್ತಿಗೆ ದ್ವೀಪದಲ್ಲಿ ಗುಲಾಮರ ಸಂಖ್ಯೆ ಬಿಳಿಯರ ಸಂಖ್ಯೆಯ ಸುಮಾರು ಇಮ್ಮಡಿಯಾಗಿತ್ತು. ಅನಂತರದ ಶತಮಾನದಲ್ಲಿ ಜಮೈಕಾದಲ್ಲಿ ಒಬ್ಬ ಬಿಳಿಯನಿಗೆ ಹತ್ತು ಮಂದಿ ಗುಲಾಮರಿದ್ದರು.

ಇಷ್ಟೊಂದು ಜನ ಏಕೆ ಬೇಕಾಯಿತೆಂಬುದನ್ನು ಅರಿಯಬೇಕಾದರೆ ಕಬ್ಬಿನ ಸ್ವಭಾವವನ್ನು ಅರಿಯಬೇಕು. ನಮ್ಮ ಮಂಡ್ಯ, ಬೆಳಗಾವಿ ಸೀಮೆಗಳ ಆಲೆಮನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡಿದ ಕಬ್ಬನ್ನು ಕೂಡಲೇ ಗಾಣಕ್ಕೆ ಕೊಡದಿದ್ದರೆ ರಸ ಹುಳಿಯುತ್ತದೆ. ಹಿಂಡಿದ ಹಾಲನ್ನು ಕೂಡಲೇ ಕೊಪ್ಪರಿಗೆಗೆ ಹಾಕಬೇಕು. ಸುಣ್ಣ ಹಾಕಿ, ಮಡ್ಡಿ ತೆಗೆದು, ಪಾಕದ ಹದವನ್ನು ಕಣ್ಣಿನಿಂದಲೇ ಅಳೆಯಬಲ್ಲವನು ಒಲೆಯ ಬಳಿ ಎಚ್ಚರವಾಗಿ ನಿಂತಿರಬೇಕು. ನಮ್ಮಲ್ಲಿ ಒಂದೆರಡು ತಿಂಗಳು ನಾಲ್ಕು ಮನೆಯವರು ಕೂಡಿ ನಡಸುವ ಈ ಕೆಲಸವನ್ನು ನೂರಾರು ಎಕರೆಗೆ, ಇನ್ನೂರು ಮುನ್ನೂರು ಜನಕ್ಕೆ, ವರ್ಷದ ಅರ್ಧಭಾಗಕ್ಕೆ ಹಿಗ್ಗಿಸಿ, ಹಗಲಿರುಳೂ ಒಲೆ ಆರದಂತೆ ನಡಸಿದರೆ ಹೇಗಿರಬಹುದೋ ಹಾಗಿತ್ತು ದ್ವೀಪಗಳ ಸಕ್ಕರೆ ತೋಟ. ಹೊಲವೂ ಕಾರ್ಖಾನೆಯೂ ಒಂದೇ ಆವರಣದಲ್ಲಿದ್ದ ಈ ಏರ್ಪಾಡು, ಇಂಗ್ಲೆಂಡಿನಲ್ಲಿ ನೂಲಿನ ಗಿರಣಿಗಳು ಏಳುವುದಕ್ಕೆ ನೂರು ವರ್ಷ ಮುಂಚೆಯೇ, ಗಂಟೆಯ ಸದ್ದಿಗೆ ಏಳುವ, ಪಾಳಿಯ ಮೇಲೆ ದುಡಿಯುವ, ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ತಡೆಯಿಲ್ಲದೆ ಕೆಲಸ ಸಾಗುವ ಶಿಸ್ತನ್ನು ಮನುಷ್ಯರ ಮೇಲೆ ಹೇರಿತ್ತು.

ಕೆಲಸಗಾರರನ್ನು ಮೂರು ತಂಡಗಳಾಗಿ ವಿಂಗಡಿಸುತ್ತಿದ್ದರು. ಗಟ್ಟಿಮುಟ್ಟಾದ ಸ್ತ್ರೀಪುರುಷರದು ದೊಡ್ಡ ತಂಡ. ಹರೆಯಕ್ಕೆ ಬರುತ್ತಿರುವವರದೂ ಸವೆದು ಹೋದವರದೂ ಎರಡನೆಯದು. ಐದಾರು ವರ್ಷಕ್ಕೆ ಮೇಲ್ಪಟ್ಟ ಮಕ್ಕಳು ಮೂರನೆಯ ತಂಡದಲ್ಲಿ ಹುಲ್ಲು ಕೀಳುತ್ತ, ದನಕ್ಕೆ ಮೇವು ತರುತ್ತ, ಒಬ್ಬ ಮುದುಕಿಯ ಕಣ್ಗಾವಲಿನಲ್ಲಿ ದುಡಿಮೆಗೆ ಪಳಗುತ್ತಿದ್ದರು. ಪ್ರತಿ ತಂಡಕ್ಕೂ ಚಾವಟಿ ಹಿಡಿದ ಮೇಸ್ತ್ರಿಯೊಬ್ಬನಿರುತ್ತಿದ್ದ, ಅವನೂ ಗುಲಾಮನೇ. ಎಲ್ಲಕ್ಕಿಂತ ಕಠಿನವಾದ ಕೆಲಸ ಗುಣಿ ತೋಡುವುದು. ನಾಲ್ಕೈದು ಅಡಿ ಚೌಕದ, ಅರ್ಧ ಅಡಿ ಆಳದ ಗುಣಿಗಳನ್ನು ನೇಗಿಲಿನ ಸಹಾಯವಿಲ್ಲದೆ ಗುದ್ದಲಿಯಿಂದಲೇ ಒಬ್ಬೊಬ್ಬರೂ ದಿನಕ್ಕೆ ಅರವತ್ತರಿಂದ ನೂರರವರೆಗೆ ತೋಡಬೇಕಾಗಿತ್ತು. ಆಮೇಲೆ ತಲೆಯ ಮೇಲೆ ಗೊಬ್ಬರದ ಕುಕ್ಕೆ ಹೊತ್ತು ಆ ಗುಣಿಗಳನ್ನು ತುಂಬಬೇಕಾಗಿತ್ತು. ಬಡಗಿ, ಕಮ್ಮಾರ, ಪೀಪಾಯಿ ಕಟ್ಟುವವ, ಪಾಕದ ಹದ ನೋಡುವವ ಮೊದಲಾದ ಕುಶಲ ಕೆಲಸಗಳೆಲ್ಲ ಗಂಡಸರಿಗೆ ಸಲ್ಲುತ್ತಿದ್ದುದರಿಂದ, ಗುದ್ದಲಿ ಹಿಡಿದ ದೊಡ್ಡ ತಂಡದಲ್ಲಿ ಅನೇಕ ತೋಟಗಳಲ್ಲಿ ಹೆಂಗಸರೇ ಅಧಿಕಸಂಖ್ಯೆಯಲ್ಲಿದ್ದರು. ಸುಗ್ಗಿಯ ತಿಂಗಳುಗಳಲ್ಲಿ, ಹಗಲೆಲ್ಲ ಕಬ್ಬು ಕಡಿದವರೇ ಸರದಿಯ ಮೇಲೆ ಇರುಳು ಗಾಣದ ಮನೆಯಲ್ಲಿ ನಿಲ್ಲಬೇಕಾಗಿತ್ತು. ಕಬ್ಬು ಕೊಡುತ್ತ ಕೊಡುತ್ತ ತೂಕಡಿಸಿದವರ ಬೆರಳು ಉರುಳೆಗಳ ನಡುವೆ ಸಿಕ್ಕಿತೆಂದರೆ, ತೋಳು, ತೋಳಿನ ಹಿಂದೆ ದೇಹ, ಎಲ್ಲವನ್ನೂ ಯಂತ್ರ ಎಳೆದುಕೊಳ್ಳುತ್ತಿತ್ತು. ಅದಕ್ಕಾಗಿ ಗಾಣದ ಪಕ್ಕದಲ್ಲಿ ಹರಿತವಾದ ಕೊಡಲಿಯೊಂದನ್ನು ಸದಾ ಇಟ್ಟಿರುತ್ತಿದ್ದರು. ತೋಳನ್ನು ಕಡಿದು ಜೀವವನ್ನು ಉಳಿಸುವ ಈ ಉಪಾಯ ಆ ತೋಟಗಳಲ್ಲಿ ಸಾಮಾನ್ಯ ಸಲಕರಣೆಗಳ ಪೈಕಿ ಒಂದಾಗಿತ್ತು.

ಇಂತಹ ದುಡಿಮೆಯಲ್ಲಿ ಮನುಷ್ಯರು ಬಾಳುವುದಿಲ್ಲ, ಮಕ್ಕಳೂ ಉಳಿಯುವುದಿಲ್ಲ. ಇದನ್ನು ತೋಟದ ಧಣಿಗಳು ಅರಿಯದೆ ಇರಲಿಲ್ಲ. ಅರಿತೇ ಲೆಕ್ಕ ಹಾಕಿದ್ದರು. ಹುಟ್ಟಿದ ಕೂಸನ್ನು ದುಡಿಯುವ ವಯಸ್ಸಿನವರೆಗೆ ಸಾಕುವ ವೆಚ್ಚ, ಬಸುರಿಯ ಕೆಲಸ ನಿಲ್ಲುವುದರಿಂದಾಗುವ ನಷ್ಟ, ನಡುವೆ ಸಾಯುವ ಮಕ್ಕಳ ಬಾಬಿನ ಖೋತಾ, ಇವೆಲ್ಲಕ್ಕಿಂತ ಹಡಗಿನಿಂದ ಇಳಿದ ಪ್ರಾಯದ ಆಳನ್ನು ಕೊಳ್ಳುವುದೇ ಅಗ್ಗವೆಂಬುದು ಹದಿನೆಂಟನೆಯ ಶತಮಾನದ ಬಹುಭಾಗದಲ್ಲಿ ತೋಟಗಾರರ ಸಿದ್ಧಾಂತವಾಗಿತ್ತು. ಫಲವೇನಾಯಿತೆಂಬುದನ್ನು ಅಂಕಿಗಳು ಹೇಳುತ್ತವೆ. ಗುಲಾಮ ವ್ಯಾಪಾರದ ಅವಧಿಯಲ್ಲಿ ಜಮೈಕಾದಲ್ಲಿ ಇಳಿದ ಆಫ್ರಿಕನರು ಸುಮಾರು ಹತ್ತು ಲಕ್ಷ. ಅವರಲ್ಲಿ ಒಂದಷ್ಟು ಮಂದಿಯನ್ನು ಬೇರೆ ವಸಾಹತುಗಳಿಗೆ ಮರುಮಾರಾಟ ಮಾಡಿದರೆಂಬುದು ನಿಜ. ಆದರೂ ೧೮೩೪ರಲ್ಲಿ ಬಿಡುಗಡೆಯ ಹೊತ್ತಿಗೆ ಆ ದ್ವೀಪದಲ್ಲಿ ಜೀವದಿಂದ ಉಳಿದಿದ್ದ ಗುಲಾಮರು, ಅಲ್ಲಿಯೇ ಹುಟ್ಟಿದವರೂ ಸೇರಿ, ೩,೧೧,೦೦೦ದಷ್ಟು ಮಾತ್ರ. ಇದೇ ವ್ಯಾಪಾರದಿಂದ ಉತ್ತರ ಅಮೆರಿಕದ ನೆಲಕ್ಕೆ ಬಂದವರು ಸುಮಾರು ನಾಲ್ಕು ಲಕ್ಷ. ಹೊಗೆಸೊಪ್ಪು, ಹತ್ತಿಗಳ ಆ ನಾಡಿನಲ್ಲಿ ಅವರ ಸಂತತಿ ೧೮೬೦ರಲ್ಲಿ ನಲವತ್ತು ಲಕ್ಷವಾಗಿತ್ತು. ಅಲ್ಲಿಯೂ ಗುಲಾಮಗಿರಿ ಗುಲಾಮಗಿರಿಯೇ. ಚಾವಟಿ ಅಲ್ಲಿಯೂ ಇತ್ತು. ಆದರೆ ಕಬ್ಬು ಮನುಷ್ಯನನ್ನು ನುಂಗಿದಂತೆ ಮತ್ತಾವ ಬೆಳೆಯೂ ನುಂಗಲಿಲ್ಲ.

ತೋಟದ ಧಣಿಯಾದರೂ ಈ ಲೆಕ್ಕದ ಸ್ವತಂತ್ರ ಒಡೆಯನಾಗಿರಲಿಲ್ಲ. ಗಾಣ, ಕೊಪ್ಪರಿಗೆ, ಆಳು, ಎತ್ತು ಇವೆಲ್ಲವನ್ನೂ ಅವನು ಸಾಲದಿಂದ ಕೊಳ್ಳುತ್ತಿದ್ದ. ಸಕ್ಕರೆಯ ಪೀಪಾಯಿಗಳನ್ನು ಲಂಡನ್ನಿನ ಅಥವಾ ಬ್ರಿಸ್ಟಲ್ಲಿನ ದಲಾಲಿ ಮಂಡಿಗೆ ಕಳುಹಿಸುತ್ತಿದ್ದ. ಮಂಡಿಯವನು ಅದನ್ನು ಮಾರಿ, ತನ್ನ ದಲಾಲಿಯನ್ನೂ ಬಡ್ಡಿಯನ್ನೂ ಹಿಡಿದುಕೊಂಡು, ಮಿಕ್ಕುದನ್ನು ಅವನ ಖಾತೆಗೆ ಜಮಾ ಮಾಡುತ್ತಿದ್ದ. ಸಾಲ ಕೊಟ್ಟವರ ಹಣ ಮುಳುಗಬಾರದೆಂದು ಬ್ರಿಟಿಷ್ ಪಾರ್ಲಿಮೆಂಟು ೧೭೩೨ರಲ್ಲಿ ಮಾಡಿದ ಶಾಸನವು ವಸಾಹತುಗಳ ಭೂಮಿ, ಮನೆಗಳೊಡನೆ ಗುಲಾಮರನ್ನೂ ಸಾಲಕ್ಕೆ ಜಪ್ತಿಯಾಗತಕ್ಕ ಸ್ವತ್ತೆಂದು ಘೋಷಿಸಿತು. ಅದರಿಂದ, ಲಂಡನ್ನಿನ ಕಚೇರಿಯೊಂದರಲ್ಲಿ ಧಣಿಯ ಖಾತೆ ಬರಿದಾದರೆ ಜಮೈಕಾದ ಗುಡಿಸಲೊಂದರಲ್ಲಿ ತಾಯಿಯಿಂದ ಮಗು ಬೇರೆಯಾಗಬಹುದಾಗಿತ್ತು. ಹಣ ಮಾಡಿಕೊಂಡ ದೊಡ್ಡ ಧಣಿಗಳು ತೋಟವನ್ನು ಮುಖ್ತಿಯಾರನಿಗೂ ಮೇಲ್ವಿಚಾರಕನಿಗೂ ವಹಿಸಿ ಇಂಗ್ಲೆಂಡಿಗೆ ಹಿಂದಿರುಗಿ, ಅಲ್ಲಿ ಅರಮನೆಗಳನ್ನು ಕಟ್ಟಿಸಿ, ಪಾರ್ಲಿಮೆಂಟಿನಲ್ಲಿ ಕುಳಿತರು. ಜಮೈಕಾದಲ್ಲಿ ಹುಟ್ಟಿದ ವಿಲಿಯಂ ಬೆಕ್‌ಫರ್ಡನು ಎರಡು ಸಲ ಲಂಡನ್ ನಗರದ ಮೇಯರನಾದ. ೧೭೦೦ರ ಸುಮಾರಿಗೆ ಬ್ರಿಟನ್ನಿನಲ್ಲಿ ವರ್ಷಕ್ಕೆ ತಲೆಗೆ ನಾಲ್ಕು ಪೌಂಡು ತೂಕದಷ್ಟಿದ್ದ ಸಕ್ಕರೆಯ ಬಳಕೆ ಶತಮಾನದ ಕೊನೆಗೆ ಹದಿನೆಂಟಕ್ಕೆ ಏರಿತು. ಚೀನಾದಿಂದ ಬಂದ ಚಹಕ್ಕೆ ಜಮೈಕಾದ ಸಕ್ಕರೆ ಬೆರೆತು ಲಂಡನ್ನಿನ ಕೂಲಿಯವನ ದಿನನಿತ್ಯದ ಆಹಾರವಾಯಿತು.

ಈ ಲೆಕ್ಕವು ಸಮುದ್ರದ ನಡುವೆ ಎಂತಹ ರೂಪವನ್ನು ತಾಳಬಲ್ಲುದೆಂಬುದಕ್ಕೆ ೧೭೮೧ರ ಝಾಂಗ್ ಹಡಗಿನ ಪ್ರಕರಣ ಸಾಕ್ಷಿ. ಜಮೈಕಾಕ್ಕೆ ಹೊರಟಿದ್ದ ಆ ಹಡಗು ದಾರಿ ತಪ್ಪಿ, ರೋಗ ಹರಡಿ, ನೀರು ಸಾಲದೆಂಬ ನೆಪದಿಂದ ನಾವಿಕರು ೧೩೦ಕ್ಕೂ ಹೆಚ್ಚು ಮಂದಿ ಆಫ್ರಿಕನರನ್ನು ಜೀವಸಹಿತ ಕಡಲಿಗೆ ತಳ್ಳಿದರು. ರೋಗದಿಂದ ಸತ್ತರೆ ನಷ್ಟ ಹಡಗಿನ ಒಡೆಯರದು. ಹಡಗನ್ನು ಉಳಿಸಲು ಸರಕನ್ನು ಎಸೆಯಬೇಕಾಯಿತೆಂದರೆ ನಷ್ಟ ವಿಮೆಯವರದು. ತಲೆಗೆ ೩೦ ಪೌಂಡಿನಂತೆ ಒಡೆಯರು ಹಣ ಕೇಳಿದರು. ೧೭೮೩ರಲ್ಲಿ ನ್ಯಾಯಾಲಯದ ಮುಂದೆ ಬಂದ ವ್ಯಾಜ್ಯ ವಿಮೆಯದು. ಕೊಲೆಯ ಆಪಾದನೆಯನ್ನು ಯಾರ ಮೇಲೂ ಹೊರಿಸಲಿಲ್ಲ.

ಕಾನೂನಿನ ಮಾತು ಬಂದುದರಿಂದ ಬಾರ್ಬಡೋಸಿನ ಶಾಸನಗಳನ್ನು ನೋಡೋಣ. ೧೬೬೧ರಲ್ಲಿ ಆ ದ್ವೀಪದ ಸಭೆ ರಚಿಸಿದ ಗುಲಾಮ ಸಂಹಿತೆಯು ಜಮೈಕಾಕ್ಕೂ ಆಂಟಿಗಾಕ್ಕೂ ದಕ್ಷಿಣ ಕೆರೋಲಿನಕ್ಕೂ ಮಾದರಿಯಾಯಿತು. ಶಿಕ್ಷಿಸುವಾಗ ಗುಲಾಮನು ಸತ್ತರೆ ಧಣಿಗೆ ದಂಡವಿಲ್ಲ. ೧೬೮೮ರ ತಿದ್ದುಪಡಿಯಂತೆ, ಬೇಕೆಂದೇ ತನ್ನ ಗುಲಾಮನನ್ನು ಕೊಂದವನಿಗೆ ೧೫ ಪೌಂಡು ದಂಡ. ಮತ್ತೊಬ್ಬನ ಗುಲಾಮನನ್ನು ಕೊಂದವನು ಒಡೆಯನಿಗೆ ಬೆಲೆಯ ಎರಡರಷ್ಟನ್ನು ತೆತ್ತು, ಮೇಲೆ ೨೫ ಪೌಂಡು ದಂಡ ಕಟ್ಟತಕ್ಕದ್ದು. ೧೮೦೫ರವರೆಗೆ ಅಲ್ಲಿ ಗುಲಾಮನ ಹತ್ಯೆ ಕೊಲೆಯೆನಿಸಲಿಲ್ಲ. ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನನುಸರಿಸುತ್ತಿದ್ದುದರಿಂದ, ಧಣಿಯು ಗುಲಾಮ ಸ್ತ್ರೀಯಲ್ಲಿ ಪಡೆದ ಮಗು ಅವನ ಆಸ್ತಿಯಾಗುತ್ತಿತ್ತೇ ಹೊರತು ವಾರಸುದಾರನಾಗುತ್ತಿರಲಿಲ್ಲ. ಹಾಗೆಯೂ ಕೆಲವರು ಅಂತಹ ಮಕ್ಕಳಿಗೆ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಬರೆದುಕೊಟ್ಟಾಗ, ಜಮೈಕಾದ ಸಭೆಯು ೧೭೬೧ರಲ್ಲಿ ಆ ಆಸ್ತಿ ೨,೦೦೦ ಪೌಂಡನ್ನು ಮೀರಕೂಡದೆಂದು ವಿಧಿಸಿತು. ಬಿಳಿಯ ರಕ್ತದ ಅಂಶ ಎಷ್ಟೆಂದು ಎಣಿಸಿ ಮನುಷ್ಯರನ್ನು ಶ್ರೇಣಿಗೆ ಸೇರಿಸುವ ಪದ್ಧತಿ ಬೇರೂರಿತು. ಆ ಬೇರು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ನಮ್ಮ ಓದುಗರಿಗೆ ಪರಿಚಿತವಾದ ನಿದರ್ಶನವೊಂದುಂಟು: ಅಷ್ಟೊಂದು ಮಂದಿ ಮಹಾನ್ ಕರಿಯ ಆಟಗಾರರನ್ನು ಹೆತ್ತ ವೆಸ್ಟ್ ಇಂಡೀಸಿನ ಕ್ರಿಕೆಟ್ ತಂಡಕ್ಕೆ, ಒಂದು ಪೂರ್ಣ ಟೆಸ್ಟ್ ಸರಣಿಯ ನಾಯಕತ್ವವನ್ನು ಕರಿಯನಿಗೆ ಒಪ್ಪಿಸಲು ೧೯೬೦ನೆಯ ಇಸವಿ ಬರಬೇಕಾಯಿತು. ಆ ನಾಯಕ ಬಾರ್ಬಡೋಸಿನ ಫ್ರಾಂಕ್ ವೊರೆಲ್.

ಧರ್ಮವೂ ಲೆಕ್ಕದ ಹೊರಗೆ ನಿಲ್ಲಲಿಲ್ಲ. ತಾನು ಕ್ರೈಸ್ತನಾಗಬೇಕೆಂದು ಹಂಬಲಿಸಿದ ಗುಲಾಮನೊಬ್ಬನ ಪರವಾಗಿ ಲಿಗನ್ ಧಣಿಯೊಡನೆ ಮಾತಾಡಿದಾಗ, ಇಂಗ್ಲೆಂಡಿನ ನ್ಯಾಯದಂತೆ ಕ್ರೈಸ್ತನನ್ನು ಗುಲಾಮನನ್ನಾಗಿ ಮಾಡಲಾಗದೆಂದು ಧಣಿ ಉತ್ತರಿಸಿದ. ನಾನು ಕೇಳುತ್ತಿರುವುದು ಗುಲಾಮನನ್ನು ಕ್ರೈಸ್ತನನ್ನಾಗಿ ಮಾಡುವುದನ್ನಷ್ಟೆ ಎಂದು ಲಿಗನ್ ವಾದಿಸಿದ. ಒಬ್ಬನಿಗೆ ದೀಕ್ಷೆ ಕೊಟ್ಟರೆ ದ್ವೀಪದ ಎಲ್ಲ ಗುಲಾಮರ ಮೇಲಣ ಹಿಡಿತವೂ ತಪ್ಪುವುದೆಂದು ಧಣಿ ಒಪ್ಪಲಿಲ್ಲ. ಮುಂದೆ ಶಾಸನಗಳು ಈ ಭಯವನ್ನು ನಿವಾರಿಸಿ, ದೀಕ್ಷೆಯಿಂದ ದಾಸ್ಯಕ್ಕೆ ಬಾಧೆಯಿಲ್ಲವೆಂದು ಸಾರಿದವು. ೧೭೧೦ರಲ್ಲಿ ತೀರಿಕೊಂಡ ಕ್ರಿಸ್ಟೊಫರ್ ಕಾಡ್ರಿಂಗ್ಟನ್ ಎಂಬ ಧನಿಕನು ಬಾರ್ಬಡೋಸಿನ ತನ್ನ ಎರಡು ತೋಟಗಳನ್ನು ಆಂಗ್ಲಿಕನ್ ಧರ್ಮಪ್ರಚಾರ ಸಂಘಕ್ಕೆ ಉಯಿಲು ಬರೆದ. ಪರದೇಶಗಳಲ್ಲಿ ಸುವಾರ್ತೆಯನ್ನು ಹರಡುವುದೇ ಧ್ಯೇಯವಾಗಿದ್ದ ಆ ಸಂಘ ಗುಲಾಮರನ್ನು ಬಿಡಿಸಲಿಲ್ಲ; ತೋಟವನ್ನು ನಡಸಿತು. ಹೊಸದಾಗಿ ಕೊಂಡವರ ಎದೆಯ ಮೇಲೆ ಕಾಯಿಸಿದ ಕಬ್ಬಿಣದಿಂದ ‘ಸೊಸೈಟಿ’ ಎಂಬ ಅಕ್ಷರಗಳನ್ನು ಒತ್ತುತ್ತಿದ್ದರು.

ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಗುಲಾಮರು ತಮ್ಮದೇ ಆದ ಒಂದು ಬಾಳನ್ನು ಕಟ್ಟಿಕೊಂಡರೆಂಬುದನ್ನು ಹೇಳದಿದ್ದರೆ ಅವರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತಾದೀತು. ಜಮೈಕಾದಲ್ಲಿ ಬೆಟ್ಟದ ಭೂಮಿ ಹೇರಳವಾಗಿತ್ತು. ಅನ್ನದ ಖರ್ಚನ್ನು ಉಳಿಸುವ ಸಲುವಾಗಿ ಧಣಿಗಳು ಕಬ್ಬಿಗೆ ಒಗ್ಗದ ಆ ನೆಲದಲ್ಲಿ ಗುಲಾಮರಿಗೆ ತುಂಡು ತುಂಡು ಹಿತ್ತಿಲುಗಳನ್ನು ಬಿಟ್ಟುಕೊಟ್ಟು, ವಾರಕ್ಕೊಂದು ಬಿಡುವಿನ ದಿನದಲ್ಲಿ ಅವರೇ ತಮ್ಮ ಆಹಾರವನ್ನು ಬೆಳೆದುಕೊಳ್ಳಬೇಕೆಂದು ಗೊತ್ತುಮಾಡಿದ್ದರು. ಹಗಲೆಲ್ಲ ಧಣಿಗೆ ದುಡಿದ ಮೈಗಳು ಆ ಬಿಡುವಿನಲ್ಲಿ ಮೈಲಿಗಟ್ಟಲೆ ನಡೆದು, ಗೆಣಸು, ಬಾಳೆ, ಕೆಸು, ಮೆಣಸಿನಕಾಯಿ ಬೆಳೆದು, ಕೋಳಿ ಹಂದಿ ಸಾಕಿ, ಮಿಕ್ಕುದನ್ನು ಭಾನುವಾರದ ಸಂತೆಗೆ ಹೊತ್ತವು. ಪೇಟೆಯ ಬಿಳಿಯರ ಊಟವೂ ಆ ಸಂತೆಯನ್ನೇ ಆಶ್ರಯಿಸಿತು. ೧೭೭೪ರಲ್ಲಿ ಜಮೈಕಾದ ಇತಿಹಾಸವನ್ನು ಬರೆದ ಎಡ್ವರ್ಡ್ ಲಾಂಗ್, ಗುಲಾಮಗಿರಿಯ ಕಟ್ಟಾ ಸಮರ್ಥಕನಾದರೂ, ದ್ವೀಪದಲ್ಲಿ ಓಡಾಡುವ ನಾಣ್ಯದ ಐದರಲ್ಲಿ ಒಂದು ಪಾಲು ಗುಲಾಮರ ಕೈಯಲ್ಲಿದೆಯೆಂದು ಅಂದಾಜು ಮಾಡಿದ್ದಾನೆ. ಕಾನೂನಿನ ಕಣ್ಣಿಗೆ ತಾವೇ ಸ್ವತ್ತಾಗಿದ್ದವರು ಸ್ವತ್ತು ಸಂಪಾದಿಸಿದ್ದರು!

ಫಿಬಾ ಎಂಬ ಹೆಂಗಸಿನ ವೃತ್ತಾಂತದಲ್ಲಿ ಇದನ್ನು ಹತ್ತಿರದಿಂದ ಕಾಣಬಹುದು. ೧೭೫೦ರಲ್ಲಿ ಜಮೈಕಾಕ್ಕೆ ಬಂದು, ಈಜಿಪ್ಟ್ ಎಂಬ ಹೆಸರಿನ ತೋಟದಲ್ಲಿ ಮೇಲ್ವಿಚಾರಕನಾಗಿ, ೧೭೮೬ರಲ್ಲಿ ಸಾಯುವವರೆಗೂ ಸಾವಿರಾರು ಪುಟಗಳ ದಿನಚರಿಯನ್ನು ಬರೆದಿಟ್ಟ ಥಾಮಸ್ ಥಿಸಲ್‌ವುಡ್, ಮಳೆ ಎಷ್ಟು ಬಿತ್ತೆಂಬುದನ್ನು ಬರೆದಷ್ಟೇ ನಿರ್ವಿಕಾರವಾಗಿ ತಾನು ವಿಧಿಸಿದ ಚಿತ್ರಹಿಂಸೆಗಳನ್ನೂ ಕೆಡಿಸಿದ ಹೆಂಗಸರನ್ನೂ ಬರೆದವನು. ಅದೇ ತೋಟದ ಗುಲಾಮಳಾದ ಫಿಬಾ ಮೂವತ್ತಕ್ಕೂ ಹೆಚ್ಚು ವರ್ಷ ಅವನ ಸಂಗಾತಿಯಾಗಿದ್ದಳು. ಅವಳು ಅಡುಗೆಮನೆ ನೋಡಿಕೊಂಡಳು, ಬಟ್ಟೆ ಹೊಲಿದು ಮಾರಿದಳು, ದನ ಕುದುರೆಗಳನ್ನು ಕೂಡಿಸಿದಳು. ಕೈಯಲ್ಲಿ ಹಣ ಆಡುತ್ತಿದ್ದುದರಿಂದ ಥಿಸಲ್‌ವುಡ್ಡನಿಗೇ ಸಾಲ ಕೊಟ್ಟಳು. ಅವರ ಮಗ ಜಾನ್ ಎಳವೆಯಲ್ಲಿಯೇ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ. ಅವಳ ಬಿಡುಗಡೆಯಾದರೋ ಥಿಸಲ್‌ವುಡ್ ಸತ್ತ ಮೇಲೆ, ಅವನ ಉಯಿಲಿನ ಬಲದಿಂದ. ಇಬ್ಬರ ನಡುವೆ ಇದ್ದುದು ಪ್ರೀತಿಯೋ, ಬದುಕುವ ಉಪಾಯವೋ, ಎರಡೂ ಕಲೆತ ಯಾವುದೋ ಬಂಧವೋ, ಫಿಬಾ ಏನನ್ನೂ ಬರೆದಿಡಲಿಲ್ಲವಾಗಿ ನಾವು ನಿರ್ಣಯಿಸಲಾರೆವು. ಅವಳ ಸಾಮರ್ಥ್ಯವನ್ನು ಮಾತ್ರ ಆ ಕ್ರೂರಿಯ ದಿನಚರಿಯೇ ಮರೆಮಾಚಲಾಗದೆ ಸಾರುತ್ತಿದೆ.

ಬೆಟ್ಟದ ಹಿತ್ತಿಲುಗಳಿದ್ದರೂ ಹಸಿವು ದೂರವಿರಲಿಲ್ಲ. ಉಪ್ಪು ಮೀನು, ಧಾನ್ಯ, ಮರಮುಟ್ಟು ಇವೆಲ್ಲ ಉತ್ತರ ಅಮೆರಿಕದಿಂದ ಬರಬೇಕಾಗಿತ್ತು. ಅಮೆರಿಕದ ಸ್ವಾತಂತ್ರ್ಯಯುದ್ಧದಿಂದ ಆ ಸರಬರಾಜು ಕಡಿದು, ಅದರ ಮೇಲೆ ಚಂಡಮಾರುತಗಳು ಬಡಿದು, ೧೭೮೦ರಿಂದ ೧೭೮೭ರವರೆಗೆ ಜಮೈಕಾದಲ್ಲಿ ೧೫,೦೦೦ ಗುಲಾಮರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರೆಂದು ಅಲ್ಲಿನ ಸಭೆಯೇ ವರದಿ ಮಾಡಿತು. ಕಬ್ಬಿನ ಒಂದು ಎಕರೆಯನ್ನೂ ಬಿಡಲೊಲ್ಲದ ತೋಟಗಾರರು ಅಗ್ಗದ ಅನ್ನವನ್ನು ಹುಡುಕಿದರು. ನಮ್ಮ ಕರಾವಳಿಯವರು ಜೀಗುಜ್ಜೆಯೆಂದು ಪಲ್ಯ, ಪೋಡಿ ಮಾಡಿ ತಿನ್ನುವ ದೀವಿಹಲಸನ್ನು ತಾಹಿತಿ ದ್ವೀಪದಿಂದ ತರಲು ಹೋದ ಹಡಗೇ ಬೌಂಟಿ. ೧೭೮೯ರಲ್ಲಿ ಅದರ ನಾವಿಕರು ದಂಗೆಯೆದ್ದ ಕಥೆಯನ್ನು ಕೇಳದವರಿಲ್ಲ. ಅದರ ಕಪ್ತಾನ ವಿಲಿಯಂ ಬ್ಲೈ ಎರಡನೆಯ ಸಲ ಹೋಗಿ ೧೭೯೩ರಲ್ಲಿ ಸಸಿಗಳನ್ನು ತಲುಪಿಸಿದ. ಗುಲಾಮರು ಬಹುಕಾಲ ಅದನ್ನು ಬಾಯಿಗೆ ಹಾಕಲಿಲ್ಲ. ತಮ್ಮ ಗೆಣಸು ಬಾಳೆಗಳನ್ನು ಬಿಡಲಿಲ್ಲ.

ಪ್ರತಿಭಟನೆ ಎಲ್ಲ ಕಾಲದಲ್ಲಿಯೂ ನಡೆದಿತ್ತು. ದಾಸ್ಯದಿಂದ ತಪ್ಪಿಸಿಕೊಂಡು ಜಮೈಕಾದ ಕಾಡುಗಳಲ್ಲಿ ಸ್ವತಂತ್ರರಾಗಿ ನೆಲಸಿದ ಮರೂನರೊಡನೆ ಸರ್ಕಾರವು ೧೭೩೯ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ೧೭೬೦ರಲ್ಲಿ ಟ್ಯಾಕಿ ಎಂಬ ಗುಲಾಮನ ದಂಗೆ ಆ ದ್ವೀಪವನ್ನು ನಡುಗಿಸಿತು. ೧೭೯೧ರಲ್ಲಿ ಎದ್ದ ಸಾನ್ ದೊಮಿಂಗ್‌ನ ಗುಲಾಮರು ೧೮೦೪ರಲ್ಲಿ ಹೈಟಿ ಎಂಬ ಸ್ವತಂತ್ರ ರಾಷ್ಟ್ರವನ್ನೇ ಸ್ಥಾಪಿಸಿದರು. ನನಗೆ ಎಲ್ಲಕ್ಕಿಂತ ಗಮನಾರ್ಹವಾಗಿ ಕಾಣುವುದು ೧೮೩೧ರ ಕ್ರಿಸ್‌ಮಸ್ ಸಮಯದಲ್ಲಿ ಜಮೈಕಾದಲ್ಲಿ ನಡೆದದ್ದು. ಓದು ಬಲ್ಲ ಗುಲಾಮ, ಬ್ಯಾಪ್ಟಿಸ್ಟ್ ಸಭೆಯ ಸೇವಕ ಸ್ಯಾಮ್ ಶಾರ್ಪ್, ಹಬ್ಬ ಕಳೆದ ಮೇಲೆ ಕೂಲಿ ಕೊಡದೆ ಯಾರೂ ಕಬ್ಬು ಕಡಿಯಕೂಡದೆಂದು ತೋಟದಿಂದ ತೋಟಕ್ಕೆ ಪ್ರಮಾಣ ಮಾಡಿಸಿದ. ಮುಷ್ಕರವು ಬೆಂಕಿಯಾಗಿ ತಿರುಗಿತು; ಸೈನ್ಯ ಬಂದಿತು; ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದರು; ಶಾರ್ಪನನ್ನು ೧೮೩೨ರ ಮೇ ತಿಂಗಳಲ್ಲಿ. ಜಮಾಖರ್ಚಿನ ಆ ಸಮಾಜಕ್ಕೆ ಅವನು ಹಾಕಿದ ಪ್ರಶ್ನೆ ಕೂಲಿಯದಾಗಿತ್ತು. ಅದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಮರುವರ್ಷವೇ ಪಾರ್ಲಿಮೆಂಟು ವಿಮೋಚನೆಯ ಶಾಸನವನ್ನು ಅಂಗೀಕರಿಸಿತು. ೧೮೩೪ರ ಆಗಸ್ಟ್ ೧ರಂದು ಸುಮಾರು ಎಂಟು ಲಕ್ಷ ಜನ ಹೆಸರಿಗೆ ಬಿಡುಗಡೆ ಹೊಂದಿದರು; ಆದರೆ ಉಮೇದುವಾರಿಕೆಯೆಂಬ ಹೆಸರಿನಲ್ಲಿ ಮತ್ತೆ ನಾಲ್ಕು ವರ್ಷ ಅದೇ ಧಣಿಗೆ ಕೂಲಿಯಿಲ್ಲದೆ ದುಡಿದರು. ನಷ್ಟಪರಿಹಾರವೆಂದು ಎರಡು ಕೋಟಿ ಪೌಂಡು, ಅಂದರೆ ಸರ್ಕಾರದ ಒಂದು ವರ್ಷದ ವೆಚ್ಚದ ಸುಮಾರು ನೂರಕ್ಕೆ ನಲವತ್ತು ಪಾಲು, ಮಂಜೂರಾಯಿತು. ಅದು ಸಂದದ್ದು ಒಡೆಯರಿಗೆ. ಕಾಡ್ರಿಂಗ್ಟನ್ ತೋಟಗಳ ೪೧೧ ಮಂದಿಗಾಗಿ ಧರ್ಮಪ್ರಚಾರ ಸಂಘವು ೮,೮೨೩ ಪೌಂಡು ಪಡೆಯಿತು. ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್ನನ ತಂದೆ ಜಾನ್ ಗ್ಲಾಡ್‌ಸ್ಟನ್ ೨,೫೦೮ ಮಂದಿಗಾಗಿ ಒಂದು ಲಕ್ಷಕ್ಕೂ ಮಿಕ್ಕಿ ಪಡೆದ. ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ಇದಕ್ಕಾಗಿ ಬ್ರಿಟಿಷ್ ಸರ್ಕಾರ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು ೨೦೧೫ರಲ್ಲಿ.

ಬಿಡುಗಡೆಯ ಅನಂತರ ಏನಾಯಿತೆಂಬುದನ್ನು ನೆಲವೇ ನಿರ್ಣಯಿಸಿತು. ಜಮೈಕಾದಲ್ಲಿ ಬೆಟ್ಟದ ಭೂಮಿಯಿದ್ದುದರಿಂದ ಸ್ವತಂತ್ರರಾದವರು ತೋಟಗಳನ್ನು ತೊರೆದು ತಮ್ಮವೇ ಹಳ್ಳಿಗಳನ್ನು ಕಟ್ಟಿಕೊಂಡರು. ಬಾರ್ಬಡೋಸಿನಲ್ಲಿ ಅಂಗೈಯಗಲ ನೆಲವೂ ಧಣಿಗಳದಾಗಿದ್ದುದರಿಂದ, ಗುಡಿಸಲಿನ ಸ್ಥಳಕ್ಕಾಗಿ ಅದೇ ತೋಟದಲ್ಲಿ ದುಡಿಯುವುದು ಅನಿವಾರ್ಯವಾಯಿತು. ಆಳು ಸಿಕ್ಕದ ಕಡೆಯ ಧಣಿಗಳ ದೃಷ್ಟಿ ನಮ್ಮ ದೇಶದ ಮೇಲೆ ಬಿತ್ತು. ಅದೇ ಜಾನ್ ಗ್ಲಾಡ್‌ಸ್ಟನ್ನನ ಉದ್ಯಮದಿಂದ ೧೮೩೮ರಲ್ಲಿ ವಿಟ್‌ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳು ಕಲ್ಕತ್ತೆಯಿಂದ ಬ್ರಿಟಿಷ್ ಗಯಾನಕ್ಕೆ ಕರಾರಿನ ಕೂಲಿಗಳನ್ನು ಹೊತ್ತೊಯ್ದವು. ೧೯೧೭ರವರೆಗೆ ನಡೆದ ಈ ಸಾಗಾಟದಲ್ಲಿ ಗಯಾನಕ್ಕೆ ಸುಮಾರು ೨,೩೯,೦೦೦, ಟ್ರಿನಿಡಾಡಿಗೆ ಸುಮಾರು ೧,೪೪,೦೦೦ ಭಾರತೀಯರು ಹೋದರು.

ವಿಮೋಚನೆಯ ಆ ೧೮೩೩ರ ಶಾಸನವು ಈಸ್ಟ್ ಇಂಡಿಯ ಕಂಪನಿಯ ಆಡಳಿತದಲ್ಲಿದ್ದ ನಾಡುಗಳಿಗೆ ಅನ್ವಯಿಸಲಿಲ್ಲವೆಂಬುದನ್ನು ನಾವು ಮರೆಯಲಾಗದು. ಲಂಡನ್ನಿನ ದಯಾಪರ ಗೃಹಿಣಿಯರು ಗುಲಾಮರು ಮಾಡದ ಈಸ್ಟ್ ಇಂಡಿಯ ಸಕ್ಕರೆಯೆಂದು ಬರೆದ ಬಟ್ಟಲುಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದ ದಿನಗಳಲ್ಲಿಯೇ ನಮ್ಮ ಕನ್ನಡ ಜಿಲ್ಲೆಯ ಗದ್ದೆಗಳಲ್ಲಿ ಹುಟ್ಟಾಳುಗಳು ದುಡಿಯುತ್ತಿದ್ದರು. ೧೮೦೧ರಲ್ಲಿ ಆ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರ ಸ್ಥಿತಿಯನ್ನು ಬರೆದಿದ್ದಾನೆ. ಕೊಡಗಿನಲ್ಲಿ ಅರಸರ ಕಾಲದಿಂದ ಜಮ್ಮಾ ಭೂಮಿಯೊಡನೆ ಆಳುಗಳೂ ಸೇರಿ ಬರುತ್ತಿದ್ದರು. ದಾಸ್ಯದ ಹಕ್ಕಿಗೆ ನ್ಯಾಯಾಲಯದಲ್ಲಿ ಮಾನ್ಯತೆಯಿಲ್ಲವೆಂದು ಇಲ್ಲಿ ಶಾಸನವಾದದ್ದು ೧೮೪೩ರಲ್ಲಿ. ಅದು ಕಬ್ಬಿನ ದ್ವೀಪಗಳ ಗುಲಾಮಗಿರಿಯಲ್ಲ. ಅದರ ಮೂಲ ಬೇರೆ, ಜಾತಿಯೊಡನೆ ಅದರ ಹೆಣಿಗೆ ಬೇರೆ, ಅದರ ಲೆಕ್ಕದ ರೀತಿಯೂ ಬೇರೆ. ವೆಸ್ಟ್ ಇಂಡೀಸಿನ ವಿದ್ವಾಂಸರು ತೋಟಗಳ ಕಿರ್ದಿಗಳನ್ನೂ ಆಳುಗಳ ಪಟ್ಟಿಗಳನ್ನೂ ಒಂದೊಂದಾಗಿ ತೆರೆದು ಓದಿ, ಸಂಖ್ಯೆಗಳ ಹಿಂದೆ ಇದ್ದ ಹೆಸರುಗಳನ್ನು ಹೊರತೆಗೆದಿದ್ದಾರೆ. ಕರಾವಳಿಯ, ಮಲೆನಾಡಿನ, ಕೊಡಗಿನ ಹಳೆಯ ಮನೆಗಳ ಅಟ್ಟದಲ್ಲಿ ಕ್ರಯಪತ್ರ, ಭೋಗ್ಯಪತ್ರ, ಕಡತಗಳ ಕಟ್ಟು ಯಾರಲ್ಲಾದರೂ ಇದ್ದರೆ, ಗೆದ್ದಲಿಗೂ ಒಲೆಗೂ ಕೊಡದೆ, ಅದನ್ನು ಓದಬಲ್ಲವರ ಕೈಗೆ ಒಪ್ಪಿಸಬೇಕೆಂದು ಬೇಡಿಕೊಳ್ಳುತ್ತೇನೆ.